ಮುತ್ತಜ್ಜ ಸಿಕ್ಕಿದ್ದು ಕೋಲಾರದ ಕಡತದಲ್ಲಿ

ನಮ್ಮ ಮುತ್ತಜ್ಜ 1910ರ ಸುಮಾರಿಗೆ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಾಗಿದ್ದರು. ಹಳೇ ದಾಖಲೆಗಳಲ್ಲಿ ಅವರನ್ನು ಹುಡುಕಿ ಹುಡುಕಿ ಸುಸ್ತಾಗಿದ್ದೆ. ಚಿಕ್ಕಬಳ್ಳಾಪುರ ಜಿಲ್ಲೆ ಅಂತ ಕೇಳಿದರೆ ಸಿಗೋದಾದರೂ ಹೇಗೆ? ಆ ಜಿಲ್ಲೆ ಆಗಿದ್ದೇ 2007ರಲ್ಲಿ. ಅಲ್ಲಿವರೆಗೆ ಕೋಲಾರದ ತಾಲ್ಲೂಕು, ಅಲ್ವಾ!

ಕೋಲಾರದ ಕಡತ ತರಿಸಿದೆ. ಆಗಲೂ ಇಲ್ಲ.

ಆಮೇಲೆ ಅಜ್ಜಿಯ ಟ್ರಂಕಿನ ತಳದಲ್ಲಿದ್ದ ಲಕೋಟೆ ನೆನಪಾಯಿತು. ಒಂದು ಮೂಲೆ ಗೆದ್ದಲು ತಿಂದಿತ್ತು. ಉಳಿದ ಕಡೆ ಮಾಸಿದ ಮಸಿಯಲ್ಲಿ ‘ಸಬ್ ಅಸಿಸ್ಟೆಂಟ್ ಸರ್ಜನ್’ ಅಂತಿತ್ತು. ನಾನು ಸುಮ್ನೆ ‘ಡಾಕ್ಟರ್’ ಅಂತ ಹುಡುಕುತ್ತಿದ್ದೆ! ಆ ಹುದ್ದೆ ಹಿಡಿದು ಅದೇ ಕೋಲಾರದ ಕಡತದ ವರ್ಗಾವಣೆ ಪಟ್ಟಿಗಳನ್ನು ಮತ್ತೆ ತಿರುವಿದೆ. ಸಿಕ್ಕರು. ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ಬೇರೆ.

ಓದಿದ್ದೆಲ್ಲಿ? ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ಶುರುವಾಗಿದ್ದು 1924ರಲ್ಲಿ. ಹಾಗಾಗಿ ಈಗ ಮದ್ರಾಸಿನ ಕಡೆ ಹೊರಟಿದ್ದೇನೆ.