ಒಂದು ಡ್ರೋನ್ ಕೈಕೊಟ್ಟರೂ ಸರ್ವೆ ಮುಗಿಯುತ್ತದೆ: ನನ್ನ ಅನುಭವ

ನಾಲ್ಕು ಡ್ರೋನ್ ಒಟ್ಟಿಗೆ ಹಾರಿಸಿ ತೋಟದ ಸರ್ವೆ ಮಾಡುತ್ತೇನೆ. "ನಾಲ್ಕು ಯಾಕೆ, ಒಂದು ದೊಡ್ಡ ಡ್ರೋನ್ ತಗೊಳ್ಳಿ" ಎಂದವರೇ ಜಾಸ್ತಿ. ಶೃಂಗೇರಿ, ಕೊಪ್ಪದ ಕಡೆ ಅಡಿಕೆಯ ಹಳದಿ ಎಲೆ ರೋಗದ ಸರ್ವೆ ಮಾಡಿದವರು ಹಾಗೆ ಹೇಳುವುದಿಲ್ಲ. ಮಂಜು ಸರಿಯುವಾಗ ಹತ್ತು ಗಂಟೆ, ಒಂದಕ್ಕೆಲ್ಲ ಮೋಡ. ಬೆಳಕಿನ ಬಣ್ಣಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾಗೆ ಸಿಗುವ ಬಿಸಿಲು ಅಷ್ಟೇ. ಅರ್ಧ ಇವತ್ತು, ಅರ್ಧ ನಾಳೆ ಹಾರಿಸಿದರೆ ಬೆಳಕು ಬದಲಾಗಿ ನಕ್ಷೆ ಕೆಡುತ್ತದೆ. ಒಂದೇ ಡ್ರೋನ್ ಇದ್ದು ಅದು ಕೈಕೊಟ್ಟರೆ ಆ ದಿನವೇ ಹೋಯಿತು.

ಮೊದಲು ನಾಲ್ಕಕ್ಕೂ ನೆಲದ ಮೇಲಿನ ಲ್ಯಾಪ್‌ಟಾಪೇ ಯಜಮಾನ. ಅದು ಹ್ಯಾಂಗ್ ಆದ ದಿನ ಜಿಸಿಎಸ್ ಫೇಲ್‌ಸೇಫ್ (ನೆಲದ ಸಂಪರ್ಕ ತಪ್ಪಿದರೆ ತಾನೇ ವಾಪಸ್ ಬರುವ ವ್ಯವಸ್ಥೆ) ಕೆಲಸ ಮಾಡಿ, ನಾಲ್ಕೂ ಒಟ್ಟಿಗೆ ಒಂದೇ ಎತ್ತರದಲ್ಲಿ ವಾಪಸ್ ಹೊರಟವು. ಎರಡು ತಾಕಿದವು. ಕ್ಯಾಮೆರಾ ಸೇರಿ ಹತ್ತಿರ ಹತ್ತಿರ ಮೂರು ಲಕ್ಷ ಹೋಯಿತು. ಆಮೇಲೆ ಡ್ರೋನ್‌ಗಳು ತಮ್ಮತಮ್ಮಲ್ಲೇ ಮಾತಾಡಲಿ ಅಂತ ವೈ-ಫೈ ಮೆಶ್ ಹಾಕಿದೆ. ಗುಡ್ಡದ ಮರೆಗೆ ಹೋದ ತಕ್ಷಣ ಕಟ್. ಐದನೇ ಡ್ರೋನನ್ನು ಮಾತು ದಾಟಿಸುವ ರಿಲೇ ಅಂತ ಮೇಲೆ ನಿಲ್ಲಿಸಿದೆ. ಅದು ಬ್ಯಾಟರಿ ತಿಂದಿದ್ದೇ ಬಂತು. ಅದು ಇಳಿದರೆ ಉಳಿದವೆಲ್ಲ ಮೂಕ.

ಕೊನೆಗೆ ಕೆಲಸಕ್ಕೆ ಬಂದಿದ್ದು 865 ಮೆಗಾಹರ್ಟ್ಸ್ ಬ್ಯಾಂಡಿನ ಲೋರಾ, ಅಂದರೆ ಚಿಕ್ಕ ಸಂದೇಶವನ್ನು ದೂರಕ್ಕೆ ಮುಟ್ಟಿಸುವ ರೇಡಿಯೊ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಆಂಟೆನಾ ಸೇರಿ ಡ್ರೋನಿಗೆ ಎರಡೂವರೆ ಸಾವಿರದ ಆಸುಪಾಸು. ಪೂರ್ತಿ ಪ್ಲಾನ್ ಪ್ರತಿ ಡ್ರೋನಿನಲ್ಲೂ ಇರುತ್ತದೆ. ಒಬ್ಬೊಬ್ಬರಿಗೆ ಹಾರಲು 32 ಸಾಲು. ಮುಗಿಯಿತೋ ಇಲ್ಲವೋ ಎನ್ನಲು ಸಾಲಿಗೆ ಒಂದು ಬಿಟ್ ಎಂದರೆ 4 ಬೈಟ್, ನಾಲ್ವರದ್ದು ಸೇರಿ 16. ಪ್ರತಿಯೊಂದೂ ತನಗೆ ಗೊತ್ತಿರುವ ಎಲ್ಲರ ಲೆಕ್ಕವನ್ನೂ ಕೂಗುತ್ತದೆ. ಹಾಗಾಗಿ ಮೂರನೆಯದು ನೇರವಾಗಿ ಕೇಳಿಸದಿದ್ದರೂ ಎರಡನೆಯದರ ಬಾಯಿಂದ ಸುದ್ದಿ ಬರುತ್ತದೆ. ಜಿಪಿಎಸ್ ಸಮಯ ನೋಡಿ ಸರದಿ ಹಂಚಿದ್ದೇನೆ, ಸೆಕೆಂಡಿಗೆ ಒಂದು ಸುತ್ತು.

ನಿಜವಾದ ತಲೆನೋವು ಸತ್ತ ಡ್ರೋನ್ ಅಲ್ಲ, ಸುಮ್ಮನಾದ ಡ್ರೋನ್. ಅದು ಬಿದ್ದಿದೆಯೋ, ಗುಡ್ಡದ ಹಿಂದೆ ಹಾರುತ್ತಲೇ ಇದೆಯೋ? ಅದಕ್ಕೆ ಎರಡು ಕಡೆಗೂ ನಿಯಮ ಇಟ್ಟೆ. ಯಾರ ದನಿಯೂ ಕೇಳದ ಡ್ರೋನ್ ಹಿಡಿದ ಸಾಲು ಮುಗಿಸಿ, ತನ್ನದೇ ಎತ್ತರದಲ್ಲಿ ತನ್ನ ಪ್ಯಾಡಿಗೆ ವಾಪಸ್ ಬರಬೇಕು. ಉಳಿದವು ಅದರ ಸಾಲುಗಳನ್ನು ಕೊನೆಯಿಂದ ಹಿಂದಕ್ಕೆ, ಅದರ ಎತ್ತರಕ್ಕಿಂತ 10 ಮೀಟರ್ ಮೇಲೆ ಹಾರಿ ಮುಗಿಸಬೇಕು. ಮಾತಿಲ್ಲದೆಯೂ ಎದುರುಬದುರಾಗುವುದಿಲ್ಲ! ಎಷ್ಟು ಸೆಕೆಂಡ್ ಕಾಯಬೇಕು, ಇಬ್ಬರು ಹತ್ತಿರವಿದ್ದರೆ ಸಾಲು ಯಾರಿಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಹಾರುತ್ತಿದ್ದರೂ ಕ್ಯಾಮೆರಾ ನಿಂತಿರುವುದೂ ಉಂಟು. ಡ್ರೋನ್ ಕಳಿಸುವ ಟೆಲಿಮೆಟ್ರಿ ಮಾಹಿತಿಯಲ್ಲಿ ಎಲ್ಲ ಹಸಿರು, ಕಾರ್ಡಿನಲ್ಲಿ ಚಿತ್ರವೇ ಇಲ್ಲ. ಈಗ ದಾಟಿದ ಮಾತ್ರಕ್ಕೆ ಸಾಲು ಮುಗಿಯಿತು ಅನ್ನುವಂತಿಲ್ಲ. ಪ್ರತಿ ಕ್ಲಿಕ್ಕಿಗೂ ಸುಳಿವು ಕೊಡುವ ಕ್ಯಾಮೆರಾ ಫೀಡ್‌ಬ್ಯಾಕ್ ಪಿನ್ನಿನ ಎಣಿಕೆ ಸರಿಯಿದ್ದರಷ್ಟೇ ಮುಗಿಯಿತು.

ನಡುವೆ ಸಿಗ್ನಲ್ ಬಲವನ್ನೂ ಬರೆದಿಟ್ಟೆ. ಮಳೆ ಬಿದ್ದ ಮಾರನೇ ದಿನ ಒದ್ದೆ ತೋಟದ ಮೇಲೆ ಚೆನ್ನಾಗಿ ಇಳಿಯುತ್ತದೆ. ಇದರಿಂದ ತೋಟದ ತೇವ ಅಳೆಯಬಹುದಾ ಅಂತ ಒಂದಷ್ಟು ವಾರ ಅದರ ಹಿಂದೆಯೇ ಬಿದ್ದಿದ್ದೆ. ಇನ್ನೂ ಬಿಟ್ಟಿಲ್ಲ.

ಪ್ರತಿ ಡ್ರೋನಿಗೂ ಒಬ್ಬ ಪೈಲಟ್ ಇದ್ದೇ ಇರುತ್ತಾರೆ, ಹಾರಾಟ 120 ಮೀಟರ್ ಒಳಗೇ. ಕಳೆದ ಸೀಸನ್ನಿನಲ್ಲಿ ಒಂದರ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಸುಟ್ಟು ತೋಟಕ್ಕೆ ಬಿತ್ತು. ಉಳಿದ ಮೂರು ಬ್ಯಾಟರಿ ಬದಲಿಸಿಕೊಂಡು ಹನ್ನೆರಡೂವರೆಗೆ ಮುಗಿಸಿದವು. ನಕ್ಷೆಯಲ್ಲಿ ಒಂದು ತೂತೂ ಇರಲಿಲ್ಲ. ದೊಡ್ಡ ಡ್ರೋನ್ ತಗೊಳ್ಳಿ ಎಂದವರಲ್ಲಿ ಇಬ್ಬರು ಈಗ ಬೋರ್ಡು ಕೇಳಿದ್ದಾರೆ. ಕೋಡ್ ಹಾಕಿಯೇ ಕೊಡುತ್ತೇನೆ.