ಬಂದಿಗೊಂದು ಕಾಗದ ಬರೆಯುವುದು ಹೇಗೆ?

ಕಲಬುರಗಿ ಕೇಂದ್ರ ಕಾರಾಗೃಹದಲ್ಲಿ ಇರುವವರ ಮನೆಗಳೆಲ್ಲ ಕಲಬುರಗಿಯಲ್ಲೇ ಇಲ್ಲ. ಬೀದರ್ ಜಿಲ್ಲೆಯ ಔರಾದಿನಿಂದ ಮುಲಾಖಾತಿಗೆ, ಅಂದರೆ ಬಂದಿಯ ಭೇಟಿಗೆ ಬರಬೇಕೆಂದರೆ ಇಡೀ ದಿನ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ, ಹೆಂಡತಿಗೆ ಬಸ್ಸಿನ ಖರ್ಚಿಲ್ಲ ನಿಜ, ಆದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಮೊದಲು ತಿಂಗಳಿಗೊಮ್ಮೆ ಬರುತ್ತಾರೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಬರುವುದೇ ಇಲ್ಲ. ಹೀಗೆ ಹೊರಗಿನ ನಂಟು ಕಡಿದುಹೋದವರಿಗೆ ಹೊರಗಿನವರು ಪತ್ರ ಬರೆಯಬಹುದು. ಆದರೆ ವರ್ಷವಿಡೀ ತಿಂಗಳಿಗೊಂದು ಬರೆಯಲು ಆಗುವುದಿಲ್ಲ ಎನಿಸಿದರೆ ಶುರು ಮಾಡಲೇಬೇಡಿ. ಎರಡು ಕಾಗದ ಬಂದು ನಿಂತರೆ, ಇವರೂ ಬಿಟ್ಟರು ಎಂಬ ಲೆಕ್ಕಕ್ಕೆ ಇನ್ನೊಂದು ಸೇರಿದಂತೆ.

ಅನುಮತಿ ಮೊದಲು

ಒಬ್ಬೊಬ್ಬರೇ ಹೋಗುವುದಕ್ಕಿಂತ ಕಾಲೇಜಿನ ಎನ್‌ಎಸ್‌ಎಸ್ ಘಟಕ, ನಿವೃತ್ತ ಶಿಕ್ಷಕರ ಬಳಗ, ಮಹಿಳಾ ಮಂಡಳಿಯಂಥ ಒಂದು ಗುಂಪಾಗಿ ಹೋಗಿ. ಕಲಬುರಗಿಯಾದರೆ ಕೇಂದ್ರ ಕಾರಾಗೃಹದ ಮುಖ್ಯಸ್ಥರಿಗೆ, ಬೀದರ್, ಯಾದಗಿರಿಯಾದರೆ ಜಿಲ್ಲಾ ಕಾರಾಗೃಹದ ಅಧೀಕ್ಷಕರಿಗೆ ಒಂದು ಪುಟದ ಅರ್ಜಿ ಕೊಡಿ. ಯಾರು ಬರೆಯುತ್ತಾರೆ, ಎಷ್ಟು ದಿನಕ್ಕೊಮ್ಮೆ, ಯಾವ ಭಾಷೆಯಲ್ಲಿ, ಹೊಣೆ ಯಾರದು ಎಂಬುದಷ್ಟೇ ಸಾಕು. ಬರೆಯುವವರ ಗುರುತಿನ ಚೀಟಿಯ ನಕಲು ಜೊತೆಗಿರಲಿ. ಬಂದಿ ಹೊರಗಿನ ಜನರೊಂದಿಗೆ, ಸಂಸ್ಥೆಗಳೊಂದಿಗೆ ಸಂಬಂಧ ಬೆಳೆಸಿಕೊಳ್ಳಲು ಪ್ರೋತ್ಸಾಹಿಸಬೇಕು ಎಂದು 2015ರ ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳೇ ಹೇಳುತ್ತವೆ. ಅದನ್ನು ಅರ್ಜಿಯಲ್ಲಿ ಒಂದು ಸಾಲು ನೆನಪಿಸಿದರೆ ತಪ್ಪಿಲ್ಲ, ಕಾನೂನು ಪಾಠ ಮಾತ್ರ ಬೇಡ. ಯಾರಿಗೆ ಬರೆಯಬೇಕು ಎಂಬ ಆಯ್ಕೆ ನಿಮ್ಮದಲ್ಲ. ಒಪ್ಪಿದ ಬಂದಿಗಳ ಹೆಸರು ಜೈಲಿನಿಂದಲೇ ಬರಲಿ, ಮುಲಾಖಾತಿಗೆ ಯಾರೂ ಬಾರದವರನ್ನು ಮೊದಲು ಸೇರಿಸಿ ಎಂದು ಕೇಳಿಕೊಳ್ಳಿ.

ವಿಳಾಸದಲ್ಲಿ ತಪ್ಪುವುದೇ ಹೆಚ್ಚು

ನಮ್ಮ ಭಾಗದಲ್ಲಿ ಶರಣಪ್ಪ, ಮಲ್ಲಿಕಾರ್ಜುನ, ಖಾಜಾಪಾಷಾ ಎಂದರೆ ಒಂದೇ ಬ್ಯಾರಕ್‌ನಲ್ಲಿ ಇಬ್ಬರು ಮೂವರು ಓಗೊಡಬಹುದು. ಹೆಸರು, ತಂದೆಯ ಹೆಸರು, ಬಂದಿ ಸಂಖ್ಯೆ, ಜೈಲಿನ ಹೆಸರು, ಪಿನ್‌ಕೋಡ್ ಐದೂ ಇರಲಿ. ವಿಚಾರಣೆಯಲ್ಲಿದ್ದಾಗ ಇದ್ದ ಯುಟಿಪಿ (ವಿಚಾರಣಾಧೀನ ಬಂದಿ) ನಂಬರ್ ಶಿಕ್ಷೆಯಾದ ಮೇಲೆ ಬದಲಾಗುತ್ತದೆ, ಬೇರೆ ಜೈಲಿಗೆ ಹಾಕಿದರೂ ಅಷ್ಟೇ. ಹಿಂದಿರುಗುವ ವಿಳಾಸ ಗುಂಪಿನದ್ದೇ ಇರಲಿ, ಮನೆಯದ್ದು ಬೇಡ. ಮೊಬೈಲ್ ನಂಬರ್ ಅಂತೂ ಬೇಡವೇ ಬೇಡ.

₹2.50ರ ಇನ್‌ಲ್ಯಾಂಡ್ ಪತ್ರವೇ ಒಳ್ಳೆಯದು. ಅದರೊಳಗೆ ಏನನ್ನೂ ಇಡುವಂತಿಲ್ಲ, ಹಾಗಾಗಿ ತಪಾಸಣೆಯೂ ಬೇಗ. ಹೆಚ್ಚು ಬರೆಯುವುದಿದ್ದರೆ ₹5ರ ಲಕೋಟೆ, 20 ಗ್ರಾಂವರೆಗೆ. ಎ4 ಹಾಳೆಯೊಂದು ಸುಮಾರು 5 ಗ್ರಾಂ ತೂಗುತ್ತದೆ, ಮೂರಕ್ಕೆ ನಿಲ್ಲಿಸಿ. ಟಿಕೆಟ್ ಕಡಿಮೆ ಬಿದ್ದರೆ ಕೊರತೆಯ ಎರಡು ಪಟ್ಟನ್ನು ಪಡೆಯುವವರಿಂದ ಕೇಳುತ್ತಾರೆ, ಜೈಲಿನ ಬಾಗಿಲಲ್ಲಿ ಅದನ್ನು ಕಟ್ಟುವವರು ಯಾರು? ಪಿನ್ನು, ಸ್ಟಿಕರ್, ಅತ್ತರು ಸಿಂಪಡಿಸಿದ ಕಾಗದ, ಅಂಟಿಸಿದ ಕಾರ್ಡು ಎಲ್ಲವೂ ಅನುಮಾನಕ್ಕೆ ದಾರಿ. ನೋಟಂತೂ ಇಡಲೇಬೇಡಿ. ಹಣ ಕೊಡುವುದು ಗುಂಪಿನ ಕೆಲಸವೂ ಅಲ್ಲ. ಒಮ್ಮೆ ಕೊಟ್ಟರೆ ಮುಂದಿನ ಪತ್ರದಲ್ಲಿ ಸ್ನೇಹ ಹಿಂದಕ್ಕೆ ಸರಿದು ಬೇಡಿಕೆ ಮುಂದೆ ಬರುತ್ತದೆ.

ಏನು ಬರೆಯಬೇಕು

ಪತ್ರವನ್ನು ಜೈಲಿನ ಸಿಬ್ಬಂದಿ ಓದಿಯೇ ಒಳಗೆ ಕೊಡುತ್ತಾರೆ. ಓದಲು ಬಾರದ ಬಂದಿಗೆ ಪಕ್ಕದವನು ಗಟ್ಟಿಯಾಗಿ ಓದಿ ಹೇಳುತ್ತಾನೆ. ಎಂದರೆ ಇಡೀ ಬ್ಯಾರಕ್ ಕೇಳುತ್ತದೆ ಎಂದುಕೊಂಡೇ ಬರೆಯಿರಿ. ಅಕ್ಷರ ದಪ್ಪ, ಬಿಡಿಬಿಡಿ, ಸಾಲು ಚಿಕ್ಕದು. ಉರ್ದು, ಮರಾಠಿ, ತೆಲುಗಿನಲ್ಲಿ ಬರೆಯಬಹುದು, ಆದರೆ ಆ ಭಾಷೆ ಬಲ್ಲ ಸಿಬ್ಬಂದಿ ಸಿಗುವವರೆಗೆ ಪತ್ರ ಮೇಜಿನ ಮೇಲೇ ಕೂತಿರುತ್ತದೆ.

ಮೊದಲ ಪತ್ರ ಅರ್ಧ ಪುಟ ಸಾಕು. “ಶರಣು ಶರಣಾರ್ಥಿ ಅಣ್ಣಾವ್ರೆ. ನಮ್ಮ ಕಡೆ ಎಳ್ಳಮಾವಾಸ್ಯೆ ಆಯ್ತು. ಹೊಲದಾಗ ಚರಗ ಚೆಲ್ಲಿದಿವಿ, ಭಜ್ಜಿ ಈ ಸಲ ಉಪ್ಪು ಜಾಸ್ತಿ ಆಗಿತ್ತು. ತೊಗರಿಗೆ ಮಂಜು ಬಿದ್ದು ಹೂವು ಉದುರಿದಾವ. ನಿಮ್ಮೂರಾಗ ಭಜ್ಜಿಗಿ ಏನೇನು ಹಾಕತಾರ್ರಿ?” ಇಷ್ಟೇ. ಕೊನೆಯ ಪ್ರಶ್ನೆ ಮುಖ್ಯ. “ಹೇಗಿದ್ದೀರಿ” ಎಂದು ಕೇಳಿದರೆ “ಚೆನ್ನಾಗಿದ್ದೇನೆ” ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಭಜ್ಜಿಗೆ, ಅಂದರೆ ಹಬ್ಬದ ಕಾಳು-ತರಕಾರಿ ಪಲ್ಯಕ್ಕೆ, ಏನು ಹಾಕುತ್ತಾರೆ ಎಂದರೆ ಉತ್ತರ ಅರ್ಧ ಪುಟವಾದರೂ ಬರುತ್ತದೆ, ಅದರಲ್ಲಿ ಅವ್ವ, ಹೊಲ, ಊರು ಎಲ್ಲ ಬರುತ್ತವೆ.

ಯಾಕೆ ಒಳಗೆ ಬಂದಿರಿ ಎಂದು ಕೇಳಬೇಡಿ. ವಿಚಾರಣಾಧೀನ ಬಂದಿಯಾದರೆ ಅವರಾಗಿ ಕೇಸಿನ ಮಾತೆತ್ತಿದರೂ ಉತ್ತರದಲ್ಲಿ ಮುಂದುವರಿಸಬೇಡಿ, ಬರೆದದ್ದು ನ್ಯಾಯಾಲಯದವರೆಗೆ ಹೋಗಬಹುದು. “ಇಂಥವರಿಗೆ ಈ ಮಾತು ತಲುಪಿಸಿ” ಎಂದರೆ, ಅದು ಹೆಂಡತಿಗೇ ಆಗಿರಲಿ, ಗುಂಪಿನ ಹೊಣೆಗಾರರ ಮೂಲಕ ಜೈಲಿಗೆ ತಿಳಿಸಿ. ಸಾಕ್ಷಿಗಳ ಹತ್ತಿರ, ದೂರು ಕೊಟ್ಟವರ ಹತ್ತಿರ ಸುಳಿಯಲೇಬೇಡಿ. ವಕೀಲರಿಲ್ಲ ಎಂದು ಬರೆದರೆ ಮಾತ್ರ ಸುಮ್ಮನಿರಬೇಡಿ: ಬಂಧನದಲ್ಲಿರುವವರಿಗೆಲ್ಲ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು, ಮನೆಯವರು 15100ಕ್ಕೆ ಕರೆ ಮಾಡಬಹುದು. ಜಾಮೀನು ಸಿಕ್ಕೂ ಹಣವಿಲ್ಲದೆ ಕೂತವರಿಗೆ, ದಂಡ ಕಟ್ಟಲಾಗದ ಸಜಾ ಬಂದಿಗಳಿಗೆ ನೆರವಾಗುವ ಕೇಂದ್ರದ ಯೋಜನೆ 2023ರಲ್ಲಿ ಬಂದಿದೆ; ಶುರುವಾದಾಗ ಮಿತಿ ಜಾಮೀನಿಗೆ ₹40,000, ದಂಡಕ್ಕೆ ₹25,000 ಇತ್ತು. ಅದನ್ನೂ ತಿಳಿಸಿ.

ಉತ್ತರ ಬಾರದಿದ್ದರೆ

ಪೆನ್ನು, ಕಾಗದ, ಬರೆದುಕೊಡುವ ಗೆಳೆಯ, ಯಾವುದೊಂದು ಇಲ್ಲದಿದ್ದರೂ ಉತ್ತರ ಬಾರದು. ದೂರದೆ ಮುಂದಿನ ತಿಂಗಳದ್ದು ಬರೆಯಿರಿ. ಮೂರು ಪತ್ರಕ್ಕೂ ಉತ್ತರವಿಲ್ಲವೆಂದರೆ ಕಚೇರಿಯಲ್ಲಿ ವಿಚಾರಿಸಿ: ಜಾಮೀನಿನ ಮೇಲೆ ಹೋಗಿರಬಹುದು, ಬೇರೆ ಜೈಲಿಗೆ ಹೋಗಿರಬಹುದು, ಇಷ್ಟವಿಲ್ಲದೆಯೂ ಇರಬಹುದು. ಬೇಡ ಎಂದರೆ ಅಲ್ಲಿಗೆ ಬಿಡಿ. ಗುಂಪಿನಲ್ಲಿ ಒಂದು ರಿಜಿಸ್ಟರ್ ಇಡಿ, ಹೋದ ದಿನ, ಬಂದ ದಿನ, ವಾಪಸಾದದ್ದು ಬರೆಯಿರಿ. ಬಂದಿಗೆ ಮನೆಯವರ ಮುಖ ನೋಡುವ ಆಸೆ ಕಂಡರೆ, ಇ-ಮುಲಾಖಾತಿಗೆ (ವಿಡಿಯೊ ಕರೆಯ ಭೇಟಿಗೆ) ಹೆಸರು ನೋಂದಾಯಿಸುವುದನ್ನು ಮನೆಯವರಿಗೆ ಕೂತು ಕಲಿಸಿಕೊಡಿ. ನಿಮ್ಮ ಹತ್ತು ಪತ್ರಕ್ಕಿಂತ ಅದು ದೊಡ್ಡದು.

ಬಿಡುಗಡೆ ಹತ್ತಿರ ಬಂದಾಗ

ಕೊನೆಯ ಮೂರು ತಿಂಗಳ ಪತ್ರಗಳಲ್ಲಿ ಆಧಾರ್ ಎಲ್ಲಿದೆ, ಬ್ಯಾಂಕ್ ಖಾತೆ ಚಾಲೂ ಇದೆಯೇ, ಮೊದಲ ರಾತ್ರಿ ಎಲ್ಲಿ ಉಳಿಯುತ್ತೀರಿ ಎಂದು ಕೇಳಿ. ಭೇಟಿಯಾಗುವುದಿದ್ದರೆ ಗುಂಪಿನ ಕಚೇರಿಯಲ್ಲಿ, ಹಗಲಲ್ಲಿ, ಇಬ್ಬರಿದ್ದು. ಕೆಲಸ ಕೊಡಿಸುತ್ತೇವೆ ಎಂಬ ಮಾತು ಮಾತ್ರ ಬೇಡ, ಯಾರ ಹತ್ತಿರ ಕೇಳಬಹುದು ಎಂದಷ್ಟೇ ಹೇಳಿ. ಪತ್ರ ನಿಲ್ಲಿಸುವುದಾದರೆ ಎರಡು ತಿಂಗಳು ಮುಂಚೆ ತಿಳಿಸಿ, ಇದು ಕೊನೆಯದು ಎಂದು ಕೊನೆಯ ಪತ್ರದಲ್ಲೇ ಬರೆಯಿರಿ.