ಆನ್‌ಲೈನ್‌ನ್ಯಾಗ ತರಿಸಿದ ಹಳೇ ಕ್ಯಾಮೆರಾ ಲೆನ್ಸ್ ಬರೋಬ್ಬರಿ ಐತೇನು? ಹಿಂಗ ನೋಡ್ರಿ

ಲಗ್ನದ ಸೀಜನ್ ಹತ್ರ ಬಂತಂದ್ರ ವಿಜಯಪುರದಾಗ ಸೆಕೆಂಡ್ ಹ್ಯಾಂಡ್ ಲೆನ್ಸ್ ತರಿಸೋರು ಜಾಸ್ತಿ ಆಗತಾರ, ಕಮ್ಮಿ ರೊಕ್ಕಕ್ಕ ಸಿಗತೈತಂದ್ರ ಯಾರ ಬಿಡತಾರ? ಆದ್ರ ಬಂದ ದಿನ ಮನ್ಯಾಗಿನ ಹುಡುಗುರದ್ದು ಎರಡು ಫೋಟೋ ಹೊಡದು ಛಲೋ ಐತಿ ಬಿಡು ಅಂತ ಬ್ಯಾಗಿಗೆ ಹಾಕತಾರ, ವಾಪಸ್ ಕೊಡೋ ಟೈಮ್ ಮುಗದ ಮ್ಯಾಲ ಮಂಟಪದಾಗ ಗ್ರೂಪ್ ಫೋಟೋ ಹೊಡದಾಗ ಗೊತ್ತಾಗತೈತಿ, ಎಡಕ್ಕ ನಿಂತ ಬೀಗರ ಮಾರೀನೇ ಮಬ್ಬು. ನಡುವ ನಿಂತ ಮಂದಿ ಫೋಟೋದಾಗ ಲೆನ್ಸಿನ ದೋಷ ಕಾಣೂದಿಲ್ರಿ, ಹುಡುಕೇ ನೋಡಬೇಕು.

ಪಾರ್ಸಲ್ ಒಡ್ಯೋವಾಗ್ಲೇ ಮೊಬೈಲ್‌ನ್ಯಾಗ ವಿಡಿಯೋ ಹಚ್ಚಿ ಇಡ್ರಿ, ನಡುವ ಕಟ್ ಮಾಡಬ್ಯಾಡ್ರಿ, ಅಡ್ರೆಸ್ ಚೀಟಿಯಿಂದ ಹಿಡದು ಲೆನ್ಸಿನ ಸೀರಿಯಲ್ ನಂಬರ್ ತನಕ ಒಂದೇ ವಿಡಿಯೋದಾಗ ಬರಲಿ. ನಂಬರ್ ಬಿಲ್ಲಿಗೆ ಕೂಡತೈತೇನು ನೋಡ್ರಿ. ಮೌಂಟ್, ಅಂದ್ರ ಲೆನ್ಸ್ ಕ್ಯಾಮೆರಾಕ್ಕ ಕೂಡೋ ಬಳಿ, ಅದರ ಸ್ಕ್ರೂಗಳ ತಲಿ ಸವದಿದ್ರ ಯಾರೋ ಬಿಚ್ಚ್ಯಾರ ಅಂತನ ಲೆಕ್ಕ. ಝೂಮ್, ಫೋಕಸ್ ರಿಂಗ್ ತಿರುಗಿಸಿದಾಗ ಕರಕರ ಅಂದ್ರ ಒಳಗ ಉಸುಕು ಹೋಗೈತಿ.

ಆಮ್ಯಾಲ ಯುವಿ ಫಿಲ್ಟರ್ ಬಿಚ್ಚ್ರಿ, ಗೀರು ಮುಚ್ಚಾಕಂತನ ಫಿಲ್ಟರ್ ಹಾಕಿ ಮಾರೋರು ಅದಾರ. ಲೈಟ್ ಆರಿಸಿ ಹಿಂದಿನ ಕಡಿಂದ ಟಾರ್ಚ್ ಓರೆ ಹಿಡದು ಮುಂದಿನಿಂದ ಒಳಗ ನೋಡ್ರಿ, ಬೆಳಕು ನೆಟ್ಟಗ ಕಣ್ಣಿಗೆ ಬೀಳದಂಗ. ಹಿಂದ ಲಿವರ್ ಇರೋ ನಿಕಾನ್ ಎಫ್ ಮೌಂಟ್ ಲೆನ್ಸ್ ಕ್ಯಾಮೆರಾದಿಂದ ತಗದ್ರ ಅಪರ್ಚರ್, ಅಂದ್ರ ಬ್ಲೇಡ್‌ಗಳ ನಡುವಿನ ಬೆಳಕಿನ ಕಿಂಡಿ, ಸಾಮಾನ್ಯವಾಗಿ ಸಣ್ಣಾಗಿ ಮುಚ್ಕೋತೈತಿ, ಹಿಂದಿನ ಸಣ್ಣ ಲಿವರ್ ಬೆರಳಿಲೆ ಸರಿಸಿದ್ರ ಬಾಯಿ ತೆರಿತೈತಿ, ಬಿಟ್ಟ ಕೂಡಲೇ ಬ್ಲೇಡ್ ಟಕ್ಕಂತ ವಾಪಸ್ ಬರಬೇಕು. ನಿಧಾನ ಬಂದ್ರ, ಬ್ಲೇಡ್ ಮ್ಯಾಲ ಎಣ್ಣಿ ಮಿಂಚಿದ್ರ ಅದು ರಿಪೇರಿ ಕೇಸು.

ಒಳಗ ಜ್ಯಾಡರ ಬಲಿ ಎಳಿ ಹಂಗ ಕವಲೊಡದು ಹಬ್ಬಿದ್ದು ಕಂಡ್ರ ಅದು ಫಂಗಸ್. ನಮ್ಮೂರ ಒಣ ಹವಾದಾಗ ಅದು ಕಮ್ಮಿ, ನಮ್ಮ ಕಾಟ ಧೂಳಿಂದು, ಆದ್ರ ಲೆನ್ಸ್ ಬರೋದು ಮುಂಬೈ, ಮಂಗಳೂರಿನಂಥ ತ್ಯಾವದ ಊರಿಂದಾನೂ ಇರಬಹುದಲ್ಲ? ಫಂಗಸ್ ಗಾಜಿನ ಕೋಟಿಂಗನ್ನೇ ತಿಂತೈತಿ, ಒರೆಸಿದ್ರೂ ಕಲೆ ಉಳಿತೈತಿ, ರೇಟ್ ಇಳಸ್ತೀನಿ ಅಂದ್ರೂ ಇಟ್ಕೋಬ್ಯಾಡ್ರಿ. ಗಾಜು ಪೂರ್ತಿ ಹಾಲಿನಂಗ ಮಸಕಿದ್ರೂ ಅಷ್ಟ. ಎರಡು ಧೂಳಿನ ಕಣಕ್ಕ ಮಾತ್ರ ತಲಿ ಕೆಡಿಸ್ಕೋಬ್ಯಾಡ್ರಿ, ಫೋಟೋದಾಗ ಅದು ಬರೂದಿಲ್ಲ. ಎಫ್ 16ಕ್ಕ, ಅಂದ್ರ ಅಪರ್ಚರ್ ಸಣ್ಣ ಮಾಡಿ, ಆಕಾಶ ಹೊಡದಾಗ ಕಾಣೋ ಕರಿ ಚುಕ್ಕಿ ಕ್ಯಾಮೆರಾದೊಳಗ ಫೋಟೋ ಹಿಡಿಯೋ ಸೆನ್ಸರ್ ಮ್ಯಾಲಿನ ಧೂಳು, ಪಾಪ ಲೆನ್ಸಿಗೆ ಯಾಕ ಬೈಯೋದು. ಗೀರು ಮುಂದಿನ ಗಾಜಿಗಿಂತ ಹಿಂದಿನ ಗಾಜಿನ ಮ್ಯಾಲಿದ್ರ ಜಾಸ್ತಿ ತ್ರಾಸು.

ಈಗ ಕ್ಯಾಮೆರಾಕ್ಕ ಹಾಕ್ರಿ. ಆಟೋಫೋಕಸ್ ಆಗಲಿಲ್ಲಂತ ಗಾಬರಿ ಆಗೋ ಮೊದಲ ಒಂದು ಗೊತ್ತಿರಲಿ, ನಿಕಾನ್ ಡಿ3500, ಡಿ5600 ಬಾಡಿಯೊಳಗ ಫೋಕಸ್ ಮೋಟರ್ ಇಲ್ಲ, ತನ್ನೊಳಗೂ ಮೋಟರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ಅದರಾಗ ಕೈಲೇನ ಫೋಕಸ್ ಮಾಡಬೇಕು.

ಇನ್ನ ಮುಖ್ಯ ಪರೀಕ್ಷೆ, ಬೀಗರ ಮಾರಿ ಮಬ್ಬಾಗೋ ಕೇಸು. ಲೆನ್ಸ್ ಕೆಳಗ ಬಿದ್ದಿದ್ರ ಒಳಗಿನ ಗಾಜು ಸರದು ಒಂದು ಬಾಜು ಮಬ್ಬು ಬರತೈತಿ, ಇದಕ್ಕ ಡಿಸೆಂಟರಿಂಗ್ ಅಂತಾರ. ಗಿಲಾವ್ ಮಾಡದ ಇಟ್ಟಂಗಿ ಗ್ವಾಡಿ ಹುಡುಕ್ರಿ, ಊರ ಕೋಟೆ ಗ್ವಾಡಿ ಬ್ಯಾಡ, ಆ ಕಲ್ಲು ಒಂದು ಮುಂದ ಒಂದು ಹಿಂದ ಇರತಾವು. ಎಡಕ್ಕೊಂದು ಬಲಕ್ಕೊಂದು ಚಾಕಪೀಸಿಲೆ ಗುರುತು ಹಾಕಿ, ಟ್ರೈಪಾಡ್ ಮ್ಯಾಲ ಕ್ಯಾಮೆರಾ ಗ್ವಾಡಿಗೆ ನೆಟ್ಟಗ ನಿಲ್ಲಿಸಿ, ನಡುಕ ತಡಿಯೋ ಸ್ಟೆಬಿಲೈಜರ್ ಆಫ್ ಮಾಡಿ, ಟೈಮರ್ ಇಟ್ಟು, ಅಪರ್ಚರ್ ಪೂರ್ತಿ ತೆರದು ನಡುವಿನ ಇಟ್ಟಂಗಿಗೆ ಫೋಕಸ್ ಮಾಡಿ ಹೊಡೀರಿ, ಝೂಮ್ ಇದ್ರ ಎರಡೂ ತುದಿಗೆ. ಕಂಪ್ಯೂಟರ್‌ನ್ಯಾಗ ದೊಡ್ಡದು ಮಾಡಿ ನಾಲ್ಕೂ ಮೂಲಿ ನೋಡ್ರಿ. ನಾಲ್ಕೂ ಒಂದೇ ಸಮ ಸ್ವಲ್ಪ ಮೆತ್ತಗಿದ್ರ ಅದು ಆ ಲೆನ್ಸಿನ ಗುಣ, ಒಂದೇ ಬಾಜು ಮಬ್ಬಿದ್ರ ಸಂಶಯ. ಆಗ ಕ್ಯಾಮೆರಾ ತಲಿಕೆಳಗ ಮಾಡಿ ಇನ್ನೊಂದು ಹೊಡೀರಿ. ಮಬ್ಬು ಅದೇ ಗುರುತಿನ ಇಟ್ಟಂಗಿ ಮ್ಯಾಲೇ ಉಳೀತಂದ್ರ ಕ್ಯಾಮೆರಾ ಸೊಟ್ಟ ನಿಂತೈತಿ, ಎದುರು ಬಾಜುಕ ಹೋತಂದ್ರ ಲೆನ್ಸೇ ಸೊಟ್ಟ.

ದೂರದ ಫೋಕಸ್ ನೋಡಾಕ ನಮಗ ಗೋಳಗುಮ್ಮಟ ಐತಲ್ಲ, ದೂರ ನಿಂತು ಏಳಂತಸ್ತಿನ ಮಿನಾರಿನ ಕಮಾನು ಚೊಕ್ಕ ಬರತಾವೇನು ನೋಡ್ರಿ. ಆದ್ರ ಮುಂಜಾನೆ ಹೋಗ್ರಿ, ಬ್ಯಾಸಗಿ ಮಧ್ಯಾಹ್ನದ ಝಳಕ್ಕ ಹೊಸಾ ಲೆನ್ಸಿನ್ಯಾಗೂ ಮಿನಾರು ನಡುಗಿದಂಗ ಬರತೈತಿ. ಅಲ್ಲೇ ಮ್ಯಾನುವಲ್ ಮೋಡಿನ್ಯಾಗ ಎಫ್ 16ಕ್ಕ ಇಟ್ಟು ಸಾಲಾಗಿ ಐದಾರು ಹೊಡದುಬಿಡ್ರಿ, ಒಂದೊಂದು ಫೋಟೋ ಬೆಳ್ಳಗಾದ್ರ ಬ್ಲೇಡ್ ಸಿಕ್ಕೋಳಾಕತ್ಯಾವು.

ಮುಂದಿನ ಗಾಜಿನ ಸಣ್ಣ ಗೀರಿಗೆ ರೇಟ್ ಇಳಿಸಿ ಇಟ್ಕೋಬಹುದು. ಫಂಗಸ್ ಇಲ್ಲಾ ಡಿಸೆಂಟರಿಂಗ್ ಇದ್ರ ಗ್ವಾಡಿ ಫೋಟೋ, ಟಾರ್ಚ್ ಫೋಟೋ, ಪಾರ್ಸಲ್ ಒಡದ ವಿಡಿಯೋ ಮೂರೂ ಮಾರಿದವರಿಗೆ ಬರಹದಾಗ ಕಳಸ್ರಿ, ಫೋನಿನ ಮಾತು ಲೆಕ್ಕಕ್ಕ ಬರೂದಿಲ್ಲ. ವಾಪಸ್ ಪ್ಯಾಕ್ ಮಾಡೋವಾಗೂ ಸೀರಿಯಲ್ ನಂಬರ್ ಕಾಣೂವಂಗ ವಿಡಿಯೋ ಹಚ್ಚ್ರಿ.